ಹಳೆಯ ನುಡಿ, ಬರಹ ಫೈಲುಗಳನ್ನು ಉಳಿಸಿಕೊಂಡು ಯೂನಿಕೋಡಿಗೆ ತರುವ ಬಗೆ

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಇಪ್ಪತ್ತು ವರ್ಷದ ಹಿಂದೆ ಟೈಪಾದ ಫೈಲನ್ನು ಇವತ್ತಿನ ಕಂಪ್ಯೂಟರಿನಲ್ಲಿ ತೆರೆದರೆ ಎಷ್ಟೋ ಸಲ ಕನ್ನಡವೇ ಕಾಣುವುದಿಲ್ಲ. ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡಿನ ಗುರುತು, ಮತ್ತೆ ಅದೇ ಎ. ಫೈಲು ಕೆಟ್ಟುಹೋಗಿದೆ ಎಂದುಕೊಂಡು ಅಳಿಸಿಬಿಡುವವರಿದ್ದಾರೆ. ಅದು ಕೆಟ್ಟಿರುವುದಿಲ್ಲ. ಓದಲು ಬೇಕಾದ ಫಾಂಟು ಆ ಕಂಪ್ಯೂಟರಿನಲ್ಲಿ ಇಲ್ಲ, ಅಷ್ಟೆ. ಆದರೆ ಅದೇ ಸ್ಥಿತಿಯಲ್ಲಿ ಏನೇನೋ ತಿದ್ದಿ ಸೇವ್ ಒತ್ತಿದರೆ ಆಗ ನಿಜವಾಗಿಯೂ ಕೆಡುತ್ತದೆ.

ಸಂಘದ ಸ್ಮರಣ ಸಂಚಿಕೆ, ಸಣ್ಣ ಪ್ರಕಾಶನದ ಪುಸ್ತಕಗಳು, ಸದಸ್ಯರ ಪಟ್ಟಿ, ಸ್ವಂತ ಬರಹ ಹೀಗೆ ಏನೇ ಇರಲಿ, ಕೆಲಸದ ಕ್ರಮ ಒಂದೇ: ಮೊದಲು ಹಳೆಯ ಡಿಸ್ಕಿನಿಂದ ಇದ್ದದ್ದು ಇದ್ದಂತೆ ಹೊರತೆಗೆಯುವುದು, ಆಮೇಲೆ ಫಾಂಟು ಯಾವುದೆಂದು ಗುರುತಿಸುವುದು, ಆಮೇಲೆ ಪರಿವರ್ತನೆ, ಕರಡು ತಿದ್ದುವುದು, ಕೊನೆಗೆ ಜೋಪಾನ ಮಾಡುವುದು. ಹೆಚ್ಚಿನವರು ಮೊದಲ ಎರಡನ್ನು ಹಾರಿ ನೇರ ಪರಿವರ್ತಕಕ್ಕೆ ಹೋಗುತ್ತಾರೆ. ಆಮೇಲೆ ಬರುವ ತಾಪತ್ರಯಗಳಲ್ಲಿ ಮುಕ್ಕಾಲು ಪಾಲು ಅಲ್ಲಿಯೇ ಶುರುವಾಗುತ್ತದೆ.

ಫೈಲಿನ ಒಳಗೆ ಇರುವುದೇನು

ಕಂಪ್ಯೂಟರಿನ ಡಿಸ್ಕಿನಲ್ಲಿ ಅಕ್ಷರಗಳಿಲ್ಲ, ಸಂಖ್ಯೆಗಳಿವೆ. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಯುತ್ತದೆ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಒಪ್ಪಂದವೇ ಎನ್‌ಕೋಡಿಂಗ್. ಆ ಅಕ್ಷರವನ್ನು ಪರದೆಯ ಮೇಲೆ ಬಿಡಿಸುವ ಚಿತ್ರಗಳ ಕಟ್ಟು ಫಾಂಟು. ಇವೆರಡೂ ಬೇರೆ ಬೇರೆ ಆಗಿರಬೇಕಿತ್ತು. ನುಡಿ, ಬರಹಗಳ ಹಳೆಯ ಫೈಲುಗಳಲ್ಲಿ ಇವೆರಡೂ ಬೆರೆತುಹೋಗಿವೆ. ಅಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳೇ. ಅವುಗಳ ಚಿತ್ರದ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟು ಅವನ್ನು ಕನ್ನಡವಾಗಿ ತೋರಿಸುತ್ತದೆ. ರೂಢಿಯಲ್ಲಿ ಇವನ್ನು ಆಸ್ಕಿ ಫೈಲುಗಳೆನ್ನುತ್ತಾರೆ.

'ಕನ್ನಡ' ಎಂಬ ಪದವನ್ನೇ ನೋಡಿ. ನುಡಿಯ ಆಸ್ಕಿ ಫೈಲಿನಲ್ಲಿ ಅದು ಏಳು ಬೈಟು: 80, 192, 163, 192, 223, 113, 192. ಇದರಲ್ಲಿ 80 ಎಂದರೆ ತಲೆಕಟ್ಟಿಲ್ಲದ ಕಕಾರ (ಇಂಗ್ಲಿಷಿನ ದೊಡ್ಡ ಪಿ), 192 ತಲೆಕಟ್ಟು (ಓರೆಗೆರೆಯ ಎ), 163 ನಕಾರ (ಪೌಂಡ್), 223 ನಕಾರದ ಒತ್ತು, 113 ಡಕಾರ (ಸಣ್ಣ ಕ್ಯೂ). ತಲೆಕಟ್ಟಿಗೂ ಒಂದು ಸಂಖ್ಯೆ ಇದೆ ಎಂಬುದನ್ನು ಗಮನಿಸಿ. ಇದು ಭಾಷೆಯ ಲೆಕ್ಕವಲ್ಲ, ಅಚ್ಚುಮೊಳೆಯ ಲೆಕ್ಕ.

ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಒಪ್ಪಂದ ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳನ್ನು ಮೀಸಲಿಟ್ಟಿದ್ದಾರೆ. ಈ ಮನೆ ಸಂಖ್ಯೆಯೇ ಕೋಡ್ ಪಾಯಿಂಟ್. ಕ 3221ನೆಯದು. 'ಕನ್ನಡ' ಅಲ್ಲಿ ಐದು ಕೋಡ್ ಪಾಯಿಂಟು: ಕ, ನ, ಹಲಂತದ ಗುರುತು, ನ, ಡ. ತಲೆಕಟ್ಟು, ಒತ್ತಿನ ಆಕಾರ ಇವೆಲ್ಲ ಫಾಂಟಿನ ಜವಾಬ್ದಾರಿ. ಈ ಕೋಡ್ ಪಾಯಿಂಟುಗಳನ್ನು ಬೈಟುಗಳಾಗಿ ಬರೆದಿಡುವ ಒಂದು ಪದ್ಧತಿ ಯುಟಿಎಫ್-8. ಅದರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟಿಗೆ 3 ಬೈಟು ಬೇಕು. ಕ ಎಂದರೆ 224, 178, 149. ಹಾಗಾಗಿ 'ಕನ್ನಡ'ಕ್ಕೆ 15 ಬೈಟು. ಫೈಲು ದೊಡ್ಡದಾಯಿತು ಎಂದು ಗಾಬರಿಯಾಗಬೇಕಿಲ್ಲ: ಪುಟಕ್ಕೆ 1,800 ಕೋಡ್ ಪಾಯಿಂಟಿನಂತೆ 300 ಪುಟದ ಪುಸ್ತಕದ ಬರಿ ಪಠ್ಯ ಸುಮಾರು 1.6 ಎಂಬಿ ಆಗುತ್ತದೆ, ಹಳೆಯ ಫ್ಲಾಪಿಯೊಂದಕ್ಕಿಂತ ಚೂರು ಹೆಚ್ಚು.

ಇದರಿಂದ ನೆನಪಿಡಬೇಕಾದ ಮಾತು ಒಂದೇ. ಆಸ್ಕಿ ಫೈಲಿನಲ್ಲಿ ಫಾಂಟಿನ ಹೆಸರು ಅಲಂಕಾರದ ಮಾಹಿತಿಯಲ್ಲ, ಪಠ್ಯದ ಅರ್ಧ ಭಾಗ. ಆ ಹೆಸರು ಕಳೆದುಹೋದರೆ 80 ಎಂಬುದು ಕಕಾರವೋ ಪಿಯೋ ಎಂದು ಹೇಳುವವರು ಯಾರೂ ಇಲ್ಲ. ಆದ್ದರಿಂದ ವರ್ಡ್ ಫೈಲನ್ನು ಬರಿಯ ಟೆಕ್ಸ್ಟ್ ಫೈಲಾಗಿ ಸೇವ್ ಮಾಡುವುದು, ಎಲ್ಲವನ್ನೂ ಆಯ್ದು ಏರಿಯಲ್ ಫಾಂಟಿಗೆ ಬದಲಿಸುವುದು, ಇವೆರಡನ್ನೂ ಸದ್ಯಕ್ಕೆ ಮಾಡಬೇಡಿ.

ಮೊದಲು ಡಿಸ್ಕಿನಿಂದ ಹೊರಗೆ

ಫೈಲುಗಳು ಈಗಾಗಲೇ ನಿಮ್ಮ ಈಗಿನ ಕಂಪ್ಯೂಟರಿನಲ್ಲಿದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಸಿಡಿ, ಹಳೆಯ ಹಾರ್ಡ್ ಡಿಸ್ಕ್, ಫ್ಲಾಪಿಗಳಲ್ಲಿದ್ದರೆ ಇಲ್ಲಿ ಆತುರ ಬೇಡ.

ಸಿಡಿಯ ಮೇಲಿನ ಧೂಳನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರ ಗೆರೆಯಲ್ಲಿ ಒರೆಸಿ. ದುಂಡಗೆ ತಿರುವಿ ಒರೆಸಿದರೆ ಬೀಳುವ ಗೀರು ಮಾಹಿತಿ ಇರುವ ಜಾಡಿನ ಉದ್ದಕ್ಕೂ ಹೋಗುತ್ತದೆ, ಓದುವ ಯಂತ್ರ ಅದನ್ನು ಸರಿದೂಗಿಸಿಕೊಳ್ಳಲಾರದು. ಸಿಡಿಯಲ್ಲಿ ಬರೆಹ ಇರುವ ಪದರ ಹೆಸರು ಬರೆಯುವ ಬದಿಗೇ ಹತ್ತಿರ ಇರುವುದರಿಂದ ಮೇಲ್ಬದಿಯ ಗೀರು ಕೆಳಬದಿಯ ಗೀರಿಗಿಂತ ಅಪಾಯ. ಮೇಲೆ ಅಂಟಿಸಿದ ಕಾಗದದ ಚೀಟಿಯನ್ನು ಕೀಳಬೇಡಿ, ಪದರವೂ ಅದರೊಂದಿಗೆ ಕಿತ್ತು ಬರುತ್ತದೆ. ಒಂದು ಡ್ರೈವ್ ಓದದ ಸಿಡಿಯನ್ನು ಇನ್ನೊಂದು ಕಂಪನಿಯ ಡ್ರೈವ್ ಓದಿಬಿಡುವುದುಂಟು. ಬಿಸಾಡುವ ಮೊದಲು ಎರಡು ಮೂರು ಕಡೆ ಹಾಕಿ ನೋಡಿ.

ಒಂದೇ ಸಿಡಿಗೆ ವರ್ಷವರ್ಷವೂ ಸ್ವಲ್ಪ ಸ್ವಲ್ಪ ಸೇರಿಸುತ್ತ ಹೋಗಿದ್ದರೆ ಅದರಲ್ಲಿ ಹಲವು ಸೆಷನ್‌ಗಳಿರುತ್ತವೆ. ವಿಂಡೋಸ್ ಸಾಮಾನ್ಯವಾಗಿ ಕೊನೆಯ ಸೆಷನ್ನನ್ನು ಮಾತ್ರ ತೋರಿಸುತ್ತದೆ. 700 ಎಂಬಿ ಸಿಡಿಯ ಹೊಳಪಿನ ಬದಿಯಲ್ಲಿ ಮುಕ್ಕಾಲು ಭಾಗ ಬಣ್ಣ ಬದಲಾಗಿದ್ದು, ತೆರೆದರೆ ನಾಲ್ಕೇ ಫೈಲು ಕಂಡರೆ ಅನುಮಾನಿಸಿ. ಐಸೋಬಸ್ಟರ್‌ನಂಥ ತಂತ್ರಾಂಶ ಎಲ್ಲ ಸೆಷನ್‌ಗಳನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ.

ಅಗಲ ಪಟ್ಟಿಯ ಕೇಬಲಿನಿಂದ ಜೋಡಿಸುವ ಹಳೆಯ ಐಡಿಇ ಹಾರ್ಡ್ ಡಿಸ್ಕಿಗೆ ಐಡಿಇ-ಯುಎಸ್‌ಬಿ ಅಡಾಪ್ಟರ್ ಸಿಗುತ್ತದೆ. ಮೂರೂವರೆ ಇಂಚಿನ ಡಿಸ್ಕ್ ಆದರೆ ಯುಎಸ್‌ಬಿಯ 5 ವೋಲ್ಟ್ ಸಾಲದು, 12 ವೋಲ್ಟಿನ ಪ್ರತ್ಯೇಕ ಪವರ್ ಇರುವ ಅಡಾಪ್ಟರನ್ನೇ ಕೊಳ್ಳಿ. ಡಿಸ್ಕಿನ ಹಿಂದಿರುವ ಜಂಪರ್ (ಪಿನ್ನುಗಳ ಮೇಲೆ ಕೂರುವ ಚಿಕ್ಕ ತುಂಡು) 'ಮಾಸ್ಟರ್' ಸ್ಥಾನದಲ್ಲಿರಲಿ. ಜೋಡಿಸಿದೊಡನೆ 'ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ' ಎಂದು ವಿಂಡೋಸ್ ಕೇಳಿದರೆ ಬೇಡ ಎನ್ನಿ. ಆ ಪ್ರಶ್ನೆಯ ಅರ್ಥ ಡಿಸ್ಕ್ ಖಾಲಿ ಇದೆ ಎಂದಲ್ಲ. ಅದರ ಫೈಲ್ ಸಿಸ್ಟಮ್, ಅಂದರೆ ಯಾವ ಫೈಲು ಎಲ್ಲಿದೆ ಎಂಬ ಸೂಚಿ, ವಿಂಡೋಸಿಗೆ ಓದಲಾಗುತ್ತಿಲ್ಲ ಎಂದು. ಮ್ಯಾಕ್ ಅಥವಾ ಲಿನಕ್ಸಿನ ಡಿಸ್ಕ್ ಆಗಿದ್ದರೂ ಇದೇ ಪ್ರಶ್ನೆ ಬರುತ್ತದೆ. ಸೂಚಿ ಹಾಳಾಗಿದ್ದರೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಧನ ಬಹಳಷ್ಟು ಸಲ ಅದನ್ನು ಕಟ್ಟಿಕೊಡುತ್ತದೆ.

ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿದರೆ ಕೂಡಲೇ ಪವರ್ ತೆಗೆಯಿರಿ. ಓದುವ ತಲೆಯೇ ಹಾಳಾಗಿರಬಹುದು, ಓಡಿದಷ್ಟೂ ತಟ್ಟೆಯನ್ನು ಕೆರೆಯುತ್ತದೆ. ಅಲ್ಲಿಂದ ಮುಂದಿನದು ಡೇಟಾ ರಿಕವರಿಯವರ ಕೆಲಸ, ಮನೆಯಲ್ಲಿ ಬಿಚ್ಚುವಂಥದ್ದಲ್ಲ. ಸದ್ದಿಲ್ಲ, ಆದರೆ ಓದುವಾಗ ಅಲ್ಲಲ್ಲಿ ತಡೆಯುತ್ತದೆ ಎಂದರೆ ಫೈಲು ಫೈಲಾಗಿ ಕಾಪಿ ಮಾಡುವುದರ ಬದಲು ಇಡೀ ಡಿಸ್ಕಿನ ಇಮೇಜ್, ಅಂದರೆ ಡಿಸ್ಕಿನ ಯಥಾವತ್ ನಕಲಿರುವ ಒಂದೇ ಫೈಲು, ತೆಗೆಯಿರಿ. ಲಿನಕ್ಸಿನ ಜಿಎನ್‌ಯು ಡಿಡಿರೆಸ್ಕ್ಯೂ ಮೊದಲು ಸುಲಭವಾಗಿ ಬರುವ ಭಾಗಗಳನ್ನೆಲ್ಲ ಬಾಚಿಕೊಂಡು, ಕಷ್ಟದ ಸೆಕ್ಟರುಗಳನ್ನು (ಡಿಸ್ಕಿನ ಚಿಕ್ಕ ಚಿಕ್ಕ ತುಣುಕುಗಳನ್ನು) ಕೊನೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಎಲ್ಲಿಗೆ ನಿಂತಿತೆಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಸಿಡಿಗೆ ಇದನ್ನು ಬಳಸುವಾಗ ಸೆಕ್ಟರಿನ ಗಾತ್ರ 2048 ಬೈಟ್ ಎಂದು ತಿಳಿಸಬೇಕು, ಅದರ ರೂಢಿಯ 512 ಹಾರ್ಡ್ ಡಿಸ್ಕಿನ ಲೆಕ್ಕ.

ಹೊರತೆಗೆಯುವಾಗ 'ಕಟ್' ಬೇಡ, 'ಕಾಪಿ' ಮಾತ್ರ. ವಿಂಡೋಸಿನಲ್ಲಿ ಕಾಪಿ ಮಾಡಿದ ಫೈಲಿನ 'ಮಾಡಿಫೈಡ್' ದಿನಾಂಕ ಹಳೆಯದೇ ಉಳಿಯುತ್ತದೆ, 'ಕ್ರಿಯೇಟೆಡ್' ಇವತ್ತಿನದಾಗುತ್ತದೆ. ಒಂದೇ ಲೇಖನದ ನಾಲ್ಕು ಕರಡುಗಳಲ್ಲಿ ಕೊನೆಯದು ಯಾವುದೆಂದು ಹೇಳಲು ಆ ಮಾಡಿಫೈಡ್ ದಿನಾಂಕವೊಂದೇ ಆಧಾರ. ಫೈಲನ್ನು ತೆರೆದು ಸುಮ್ಮನೆ ಸೇವ್ ಮಾಡಿದರೂ ಅದು ಹೋಯಿತು.

ಮೂಲಪ್ರತಿಗೆ ಮುದ್ರೆ

ಹೊರತೆಗೆದದ್ದನ್ನೆಲ್ಲ 'ಮೂಲ' ಎಂಬ ಒಂದು ಫೋಲ್ಡರಿನಲ್ಲಿಡಿ. ಇದರೊಳಗೆ ಯಾರೂ ಏನೂ ತಿದ್ದಬಾರದು. ಫೋಲ್ಡರಿನ ಪ್ರಾಪರ್ಟೀಸ್‌ಗೆ ಹೋಗಿ ರೀಡ್-ಓನ್ಲಿ ಮಾಡಿ. ಕೆಲಸಕ್ಕೆ ಇನ್ನೊಂದು ಪ್ರತಿ.

ಮೂಲ ಬದಲಾಗಿಲ್ಲ ಎಂದು ಮುಂದೆಂದಾದರೂ ಖಚಿತಪಡಿಸಿಕೊಳ್ಳಲು ಹ್ಯಾಶ್ ತೆಗೆದಿಡಬೇಕು. ಫೈಲಿನ ಎಲ್ಲ ಬೈಟುಗಳ ಮೇಲೆ ಲೆಕ್ಕ ಹಾಕಿ ಬರುವ ಒಂದು ಗುರುತಿನ ಸರಣಿ ಅದು; ಎಸ್‌ಎಚ್‌ಎ-256 ಪದ್ಧತಿಯಲ್ಲಿ ಫೈಲು ಎಷ್ಟೇ ದೊಡ್ಡದಿರಲಿ ಚಿಕ್ಕದಿರಲಿ 64 ಅಕ್ಷರದ್ದು. ಒಂದು ಅಲ್ಪವಿರಾಮ ಬದಲಾದರೂ ಸರಣಿ ಪೂರ್ತಿ ಬೇರೆಯಾಗುತ್ತದೆ. 7-ಜಿಪ್ ಇದ್ದರೆ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ 'ಸಿಆರ್‌ಸಿ ಎಸ್‌ಎಚ್‌ಎ' ಎಂಬಲ್ಲಿ ಎಸ್‌ಎಚ್‌ಎ-256 ಆಯ್ದರೆ ಸಾಕು. ನೂರಾರು ಫೈಲುಗಳಿದ್ದರೆ ವಿಂಡೋಸಿನ ಪವರ್‌ಶೆಲ್ಲಿನ ಗೆಟ್-ಫೈಲ್‌ಹ್ಯಾಶ್ ಕಮಾಂಡ್ ಅನುಕೂಲ. ಬಂದ ಪಟ್ಟಿಯನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಮೂಲದ ಪಕ್ಕದಲ್ಲೇ ಇಡಿ. ಇದರಿಂದ ಇನ್ನೊಂದು ಲಾಭವೂ ಇದೆ: ಬೇರೆ ಬೇರೆ ಹೆಸರಿನ ಎರಡು ಫೈಲುಗಳ ಹ್ಯಾಶ್ ಒಂದೇ ಆಗಿದ್ದರೆ ಅವು ಒಂದರ ನಕಲು ಇನ್ನೊಂದು. ಹಳೆಯ ಡಿಟಿಪಿ ಫೋಲ್ಡರುಗಳಲ್ಲಿ ಇಂಥವು ರಾಶಿ ರಾಶಿ ಸಿಗುತ್ತವೆ.

ಹಳೆಯ ಕಂಪ್ಯೂಟರ್ ಇನ್ನೂ ಓಡುತ್ತಿದ್ದರೆ ಅದರ ವಿಂಡೋಸ್ ಫೋಲ್ಡರಿನೊಳಗಿನ 'ಫಾಂಟ್ಸ್' ಫೋಲ್ಡರಿನಿಂದ ಕನ್ನಡ ಫಾಂಟುಗಳನ್ನೂ ಕಾಪಿ ಮಾಡಿಕೊಳ್ಳಿ. ಮೂಲದಲ್ಲಿ ಹೇಗೆ ಕಾಣುತ್ತಿತ್ತು ಎಂದು ಹೋಲಿಸಲು ಅವು ಬೇಕೇ ಬೇಕು. ಸಾಧ್ಯವಿದ್ದರೆ ಅದೇ ಕಂಪ್ಯೂಟರಿನಿಂದ ಪ್ರತಿ ಫೈಲಿನ ಪಿಡಿಎಫ್ ಕೂಡ ಮಾಡಿಸಿ. ಕರಡು ತಿದ್ದುವವರಿಗೆ ಅದೇ ಸಾಕ್ಷಿ.

ಯಾವ ಫಾಂಟು, ಯಾವ ಮನೆತನ

ಎಲ್ಲ ಆಸ್ಕಿ ಕನ್ನಡವೂ ಒಂದೇ ಅಲ್ಲ. ನುಡಿ ಮತ್ತು ಬರಹದ ಬಿಆರ್‌ಎಚ್ ಫಾಂಟುಗಳು ಬಹುಮಟ್ಟಿಗೆ ಒಂದೇ ಸಂಖ್ಯಾಕ್ರಮವನ್ನು ಬಳಸುತ್ತವೆ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಎಂಬ ಇತರ ಕನ್ನಡ ತಂತ್ರಾಂಶಗಳದ್ದು ಬೇರೆ ಬೇರೆ. ಶ್ರೀಲಿಪಿ ಫೈಲನ್ನು ನುಡಿಯ ಪರಿವರ್ತಕಕ್ಕೆ ಕೊಟ್ಟರೆ ಯೂನಿಕೋಡ್ ಅಕ್ಷರಗಳೇನೋ ಬರುತ್ತವೆ, ಒಂದು ಪದಕ್ಕೂ ಅರ್ಥವಿರುವುದಿಲ್ಲ.

ವರ್ಡ್ ಫೈಲಾದರೆ ಪಠ್ಯದ ಮೇಲೆ ಕರ್ಸರ್ ಇಟ್ಟರೆ ಫಾಂಟಿನ ಹೆಸರು ಮೇಲಿನ ಪಟ್ಟಿಯಲ್ಲಿ ಕಾಣುತ್ತದೆ, ಆ ಫಾಂಟು ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ. ಪಿಡಿಎಫ್ ಆದರೆ ಪ್ರಾಪರ್ಟೀಸ್‌ನಲ್ಲಿ ಫಾಂಟುಗಳ ಪಟ್ಟಿ ಇದೆ. ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶ ತನ್ನ ಫೈಲು ತೆರೆಯುವಾಗಲೇ ಸಿಗದ ಫಾಂಟುಗಳ ಹೆಸರನ್ನು ತೋರಿಸುತ್ತದೆ. ಹೆಸರು ಬರೆದುಕೊಳ್ಳಿ, ಬದಲಿ ಫಾಂಟನ್ನು ಖಾಯಂ ಮಾಡಬೇಡಿ. ಪೇಜ್‌ಮೇಕರ್ 7ನೇ ಆವೃತ್ತಿಗೇ ನಿಂತುಹೋಯಿತು, ಯೂನಿಕೋಡ್ ಅದಕ್ಕೆ ಬರುವುದಿಲ್ಲ. ಆ ತಂತ್ರಾಂಶವೇ ಇಲ್ಲದವರು ಲಿಬ್ರೆಆಫೀಸ್ ಡ್ರಾದಲ್ಲಿ ತೆರೆದು ನೋಡಬಹುದು. ಪುಟವಿನ್ಯಾಸ ಅಸ್ತವ್ಯಸ್ತವಾದರೂ ಪಠ್ಯ ಸಿಗುತ್ತದೆ.

ನುಡಿ ಫಾಂಟಿನ ಹೆಸರಿನ ಬಾಲವನ್ನೂ ನೋಡಿ. ಕೊನೆಗೆ ಇಂಗ್ಲಿಷಿನ 'ಇ' ಇದ್ದರೆ ಅಂಕಿಗಳು ಇಂಗ್ಲಿಷಿನವು, 'ಕೆ' ಇದ್ದರೆ ಅವೇ ಬೈಟುಗಳು ಕನ್ನಡ ಅಂಕಿಗಳಾಗಿ ಕಾಣುತ್ತವೆ. ಪರಿವರ್ತಕದಲ್ಲಿ ಅಂಕಿಗಳ ಆಯ್ಕೆ ಇದ್ದರೆ ಇದಕ್ಕೆ ಸರಿಯಾಗಿ ಆರಿಸಿ.

ಹೆಸರೇ ಸಿಗದಿದ್ದರೆ ಗೊತ್ತಿರುವ ಒಂದು ಪದವನ್ನು ಹಿಡಿದು ನೋಡಿ. 'ಕನ್ನಡ' ಇರಬೇಕಾದ ಕಡೆ ಪಿ, ಓರೆಗೆರೆಯ ಎ, ಪೌಂಡ್, ಮತ್ತೆ ಎ ಎಂಬ ಸಾಲು ಇದ್ದರೆ ಅದು ನುಡಿಯ ಮನೆತನ.

ನುಡಿ ಫಾಂಟು ಹಾಕಿದ ಮೇಲೂ ಪುಟದ ತುಂಬ ದೀರ್ಘದ ಗುರುತುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಅದಕ್ಕೂ ಕಾರಣವಿದೆ. ಯಾರೋ ಆ ಆಸ್ಕಿ ಪಠ್ಯವನ್ನು ಯುಟಿಎಫ್-8 ಆಗಿ ಸೇವ್ ಮಾಡಿದ್ದಾರೆ, ಈಗಿನ ತಂತ್ರಾಂಶ ಅದನ್ನು ಅಕ್ಷರಕ್ಕೊಂದೇ ಬೈಟಿನ ಹಳೆಯ ಆನ್ಸಿ ಪದ್ಧತಿಯದು ಎಂದು ತಿಳಿದು ತೆರೆದಿದೆ. ಆಗ ತಲೆಕಟ್ಟಿನ 192 ಎಂಬುದು 195, 128 ಎಂದು ಎರಡು ಬೈಟಾಗಿರುತ್ತದೆ. ನುಡಿಯಲ್ಲಿ 195 ಎಂದರೆ ದೀರ್ಘ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಎನ್‌ಕೋಡಿಂಗ್ ಮೆನುವಿನಲ್ಲಿ ಯುಟಿಎಫ್-8 ಎಂದು ಆರಿಸಿದರೆ ಸರಿಹೋಗುತ್ತದೆ. ಅಲ್ಲಿ 'ಕನ್ವರ್ಟ್' ಎಂದು ಶುರುವಾಗುವ ಆಯ್ಕೆಯನ್ನು ಒತ್ತಬೇಡಿ, ಅದು ಎರಡನೆಯ ಸಲ ತಿರುಚುತ್ತದೆ.

ಪರಿವರ್ತನೆ

ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಗೇ ಪರಿವರ್ತಕಗಳು ಬರುತ್ತವೆ. ಅರವಿಂದ ವಿ.ಕೆ. ಅವರ ಮುಕ್ತ ಆಕರದ ಪರಿವರ್ತಕವೂ ಇದೆ. ಯಾವುದನ್ನಾದರೂ ಬಳಸಿ, ಆದರೆ ಸದಸ್ಯರ ವಿಳಾಸ, ಫೋನ್ ನಂಬರು, ಬ್ಯಾಂಕ್ ವಿವರ ಇರುವ ಫೈಲುಗಳನ್ನು ಯಾವುದೋ ವೆಬ್‌ಸೈಟಿನ ಪೆಟ್ಟಿಗೆಗೆ ಅಂಟಿಸಬೇಡಿ. ಅದಕ್ಕೆ ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಸಾಧನವನ್ನು ಇಟ್ಟುಕೊಳ್ಳಿ.

ಮೊದಲ ಕೆಲಸ ಇಂಗ್ಲಿಷ್ ಪದಗಳನ್ನು ಬೇರ್ಪಡಿಸುವುದು. ಪರಿವರ್ತಕಕ್ಕೆ ಪಿ ಎಂದರೆ ಕಕಾರವೇ, ಅದು ಟೈಮ್ಸ್ ಫಾಂಟಿನಲ್ಲಿದ್ದ ಇಂಗ್ಲಿಷ್ ಪದವೆಂಬುದು ಅದಕ್ಕೆ ತಿಳಿಯದು. ವರ್ಡ್‌ನಲ್ಲಿ ನುಡಿ ಫಾಂಟಿನ ಒಂದು ಪದವನ್ನು ಆಯ್ದು, 'ಸೆಲೆಕ್ಟ್' ಮೆನುವಿನಲ್ಲಿ ಅದೇ ಬಗೆಯ ಫಾರ್ಮ್ಯಾಟಿಂಗ್ ಇರುವ ಎಲ್ಲವನ್ನೂ ಆರಿಸಿದರೆ ಕನ್ನಡದ ಭಾಗ ಮಾತ್ರ ಸಿಗುತ್ತದೆ. ಇಂಗ್ಲಿಷ್ ಅಲ್ಲೊಂದು ಇಲ್ಲೊಂದು ಇದ್ದರೆ ಫೈಂಡ್ ಪೆಟ್ಟಿಗೆಯಲ್ಲಿ ಫಾಂಟಿನ ಹೆಸರು ಕೊಟ್ಟು ಹುಡುಕಿ ಅವಕ್ಕೆಲ್ಲ ಕೆಂಪು ಬಣ್ಣ ಹಚ್ಚಿಟ್ಟುಕೊಳ್ಳಿ, ಪರಿವರ್ತನೆಯ ನಂತರ ಮೂಲ ನೋಡಿ ಮತ್ತೆ ಟೈಪಿಸುವುದೇ ಬೇಗ ಮುಗಿಯುತ್ತದೆ.

ಆಸ್ಕಿ ಪಠ್ಯವನ್ನು ವರ್ಡ್‌ನಲ್ಲಿ ಮುಟ್ಟಲೇಬೇಕಾಗಿ ಬಂದರೆ ಆಟೋಕರೆಕ್ಟ್ ಪೂರ್ತಿ ಆಫ್ ಮಾಡಿ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಅದರ ಚಾಳಿಗೆ ಸಿಕ್ಕಿ ಸಣ್ಣ ಕ್ಯೂ ದೊಡ್ಡ ಕ್ಯೂ ಆಗುತ್ತದೆ, ಅಂದರೆ ಡಕಾರ ಹೋಗಿ 'ಕಿ' ಬರುತ್ತದೆ.

ಇಡೀ ಪುಸ್ತಕವನ್ನು ಒಮ್ಮೆಲೇ ಹಾಕುವ ಮೊದಲು ಒಂದು ಪುಟದ ಪರೀಕ್ಷೆ ಮಾಡಿ. ಆ ಪುಟದಲ್ಲಿ ಕಷ್ಟದ ಪದಗಳಿರಲಿ: ಕರ್ನಾಟಕ, ಸ್ತ್ರೀ, ರಾಷ್ಟ್ರ, ವೈಶಿಷ್ಟ್ಯ, ಕೃಷ್ಣ, ಜ್ಞಾನ, ಘೋಷ, ಝರಿ, ಯೋಗ್ಯ. ಪರಿವರ್ತಕದ ಯೋಗ್ಯತೆ ಇವುಗಳಲ್ಲಿ ತಿಳಿದುಬಿಡುತ್ತದೆ. ಏಕೆಂದರೆ ಇದು ಒಂದಕ್ಕೊಂದು ಬದಲಿಸುವ ಕೆಲಸವಲ್ಲ, ಕ್ರಮವೂ ಬದಲಾಗಬೇಕು. 'ಕರ್ನಾಟಕ'ದಲ್ಲಿ ನುಡಿಯ ಅರ್ಕಾವೊತ್ತು (ಬೈಟ್ 240) 'ನಾ' ಆದ ಮೇಲೆ ಬರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ರ ಮತ್ತು ಹಲಂತ ಮೊದಲು, ನ ಆಮೇಲೆ. 'ಸ್ತ್ರೀ' ಇನ್ನೂ ಮಜ: ನುಡಿಯಲ್ಲಿ 'ಸಿ', ತಕಾರದ ಒತ್ತು, ರಕಾರದ ಒತ್ತು, ಕೊನೆಗೆ ದೀರ್ಘ. ಪರಿವರ್ತಕ ಆ 'ಸಿ'ಯಿಂದ ಗುಡಿಸನ್ನು ಬಿಚ್ಚಿ, ಎರಡೂ ಒತ್ತುಗಳನ್ನು ದಾಟಿಸಿ, ದೀರ್ಘದ ಜೊತೆ ಸೇರಿಸಿ ಒಂದು 'ೀ' ಮಾಡಬೇಕು.

ಬಂದ ಪಠ್ಯವನ್ನು ಯುಟಿಎಫ್-8ನಲ್ಲೇ ಸೇವ್ ಮಾಡಿ. ಹಳೆಯ ವಿಂಡೋಸಿನ ನೋಟ್‌ಪ್ಯಾಡ್ ರೂಢಿಯಂತೆ ಆನ್ಸಿಯಲ್ಲಿ ಸೇವ್ ಮಾಡುತ್ತದೆ, ಆಗ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಅದನ್ನು ಯಾವ ಸಾಧನವೂ ಹಿಂದಕ್ಕೆ ತರಲಾರದು. ಅಲ್ಲಿ ನಿಜವಾಗಿಯೂ ಪ್ರಶ್ನಾರ್ಥಕ ಚಿಹ್ನೆಯ ಬೈಟುಗಳೇ ಉಳಿದಿರುತ್ತವೆ.

ಇನ್ನೊಂದು ಹೆಜ್ಜೆಯನ್ನು ಬಹಳ ಜನ ಕೇಳಿಯೇ ಇರುವುದಿಲ್ಲ: ನಾರ್ಮಲೈಸೇಶನ್. 'ೋ' ಎಂಬುದನ್ನು ಒಂದೇ ಕೋಡ್ ಪಾಯಿಂಟಾಗಿಯೂ ಬರೆಯಬಹುದು, 'ೆ', 'ೂ' ಮತ್ತು ದೀರ್ಘದ ಗುರುತು ಎಂದು ಮೂರಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹುಡುಕಿದಾಗ ಮಾತ್ರ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ಎಂಬ ರೂಪಕ್ಕೆ ತಂದರೆ ಈ ಭೇದ ಅಳಿಯುತ್ತದೆ. ಪೈಥಾನ್ ಬಲ್ಲವರಿಗೆ ಅದರ ಯೂನಿಕೋಡ್‌ಡೇಟಾ ಮಾಡ್ಯೂಲಿನಿಂದ ಒಂದು ಸಾಲಿನ ಕೆಲಸ.

ಹುಡುಕಿ ತಿದ್ದಬೇಕಾದವು

ಇಲ್ಲಿ ಹೇಳುವ ತಪ್ಪುಗಳೆಲ್ಲ ಪರಿವರ್ತಕದವಲ್ಲ. ಮೊದಲು ಟೈಪು ಮಾಡಿದವರು ಕಣ್ಣಿಗೆ ಸರಿ ಕಂಡರೆ ಸಾಕೆಂದು ಒತ್ತಿದ ಕೀಲಿಗಳು ಈಗ ಬಯಲಿಗೆ ಬರುತ್ತವೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಹುಡುಕು ಪೆಟ್ಟಿಗೆಯಲ್ಲಿ 'ರೆಗ್ಯುಲರ್ ಎಕ್ಸ್‌ಪ್ರೆಶನ್' (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ಬಗೆ) ಆಯ್ಕೆ ಮಾಡಿಕೊಂಡು ಹೀಗೆ ಹುಡುಕಿ; ಚೌಕ ಕಂಸದೊಳಗಿರುವುದು 'ಇಲ್ಲಿಂದ ಇಲ್ಲಿಯವರೆಗಿನ ಯಾವುದೇ ಅಕ್ಷರ' ಎಂದು:

• [ಅ-್]೯ — ಅಕ್ಷರದ ಬೆನ್ನಿಗೇ ಕನ್ನಡದ ಒಂಬತ್ತು. ಅರ್ಕಾವೊತ್ತಿನಂತೆಯೇ ಕಾಣುವುದರಿಂದ 'ಧಮ೯', 'ಕನಾ೯ಟಕ' ಎಂದು ಒತ್ತಿಬಿಟ್ಟಿರುತ್ತಾರೆ. ಒಂದೊಂದಾಗಿ ನೋಡಿ ತಿದ್ದಿ, 'ಎಲ್ಲ ಬದಲಿಸು' ಒತ್ತಿದರೆ ರ ಸರಿಯಾದ ಜಾಗಕ್ಕೆ ಹೋಗುವುದಿಲ್ಲ.
• [ಅ-್]೦ — ಅನುಸ್ವಾರದ ಸೊನ್ನೆಯ ಜಾಗದಲ್ಲಿ ಅಂಕಿಯ ಸೊನ್ನೆ. 'ಬೆ೦ಗಳೂರು' ಎಂದಿದ್ದರೆ ಯಾವ ಹುಡುಕಾಟಕ್ಕೂ ಸಿಗದು. ಹಿಂದಿನ ಅಕ್ಷರವನ್ನು ಹಾಗೇ ಉಳಿಸಿಕೊಂಡು ಇದನ್ನು ಧೈರ್ಯವಾಗಿ ಒಟ್ಟಿಗೆ ಬದಲಿಸಬಹುದು.
• [ಾ-ೌ]್ — ಸ್ವರಚಿಹ್ನೆಯ ನಂತರ ಹಲಂತ. ಕನ್ನಡದಲ್ಲಿ ಹೀಗೆ ಬರುವುದೇ ಇಲ್ಲ. ಬಂದರೆ ಒತ್ತಕ್ಷರದ ಕ್ರಮ ತಪ್ಪಿದೆ.

ಮೂರನೆಯದು ಪರದೆಯ ಮೇಲೆ ಚುಕ್ಕಿಗಳ ವೃತ್ತವಾಗಿ ಕಾಣುತ್ತದೆ. ಆ ವೃತ್ತವನ್ನೇ ಕಾಪಿ ಮಾಡಿ ಹುಡುಕಿದರೆ ಸಿಗದು, ಅದು ಪಠ್ಯದಲ್ಲಿಲ್ಲ. ಅನಾಥ ಚಿಹ್ನೆಯನ್ನು ಕೂರಿಸಲು ಫಾಂಟು ಬಿಡಿಸಿಕೊಂಡ ಪೀಠ ಅದು.

'ಮ' ಮತ್ತು 'ವು' ಅದಲುಬದಲಾದವನ್ನು ಹೀಗೆ ಹುಡುಕಲಾಗದು, ಎರಡೂ ಸಾಚಾ ಅಕ್ಷರಗಳೇ. ನುಡಿಯಲ್ಲಿ ಇವೆರಡಕ್ಕೂ ಮೊದಲ ಎರಡು ಬೈಟು ಒಂದೇ, ಮೂರನೆಯದು 196 ಆದರೆ ಮ, 197 ಆದರೆ ವು. ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಓದುವ ಒಸಿಆರ್‌ನಿಂದ ತೆಗೆದ ಪಠ್ಯದಲ್ಲೂ ಆಕಾರದ ಹೋಲಿಕೆಯಿಂದ ಇದೇ ತಪ್ಪು ಧಾರಾಳ. ಇದಕ್ಕೆ ಕಣ್ಣಿಟ್ಟು ಓದುವವರೇ ಬೇಕು.

'ರ‍್ಯಾಂಕ್' ಬರೆಯುವಲ್ಲಿ ಕಾಣದ ಅಕ್ಷರವೊಂದಿದೆ. ರ ಮತ್ತು ಹಲಂತದ ನಡುವೆ ಅಗಲವಿಲ್ಲದ ಜೋಡಕ, ಅಂದರೆ ಜೀರೋ ವಿಡ್ತ್ ಜಾಯ್ನರ್, ಇಟ್ಟರೆ ರ ಪೂರ್ತಿಯಾಗಿ ಉಳಿದು ಯಕಾರದ ಒತ್ತು ಬರುತ್ತದೆ, ಇಡದಿದ್ದರೆ ಅರ್ಕಾವೊತ್ತು. ಕೆಲವು ಹಳೆಯ ಸಾಧನಗಳು ಈ ಜೋಡಕವನ್ನು ಹಲಂತದ ನಂತರ ಇಡುತ್ತವೆ. ಒಂದು ಸಂಗ್ರಹದಲ್ಲಿ ಒಂದೇ ಬಗೆ ಇರಲಿ, ರ, ಜೋಡಕ, ಹಲಂತ ಎಂಬ ಕ್ರಮಕ್ಕೆ ಎಲ್ಲವನ್ನೂ ತನ್ನಿ.

ಪೇಜ್‌ಮೇಕರಿನಿಂದ ಬಂದ ಪಠ್ಯದಲ್ಲಿ ಸಾಲು ಮುರಿಯಲು ಕೈಯಾರೆ ಹಾಕಿದ ಅಡ್ಡಗೆರೆ, ಎಂಟರ್‌ಗಳು ಪದಗಳ ನಡುವೆಯೇ ಉಳಿದಿರುತ್ತವೆ. ಅಡ್ಡಗೆರೆ ಮತ್ತು ಎಂಟರ್ ಒಟ್ಟಿಗೆ ಬಂದಲ್ಲೆಲ್ಲ ತೆಗೆದುಹಾಕಿ. 'ತಂದೆ-ತಾಯಿ'ಯಂಥ ಜೋಡುಪದ ಸಾಲಿನ ತುದಿಯಲ್ಲಿ ಮುರಿದಿದ್ದರೆ ಅದೂ ಅಂಟಿಕೊಳ್ಳುತ್ತದೆ, ಕರಡಿನಲ್ಲಿ ಗಮನಿಸಿ.

ಪಟ್ಟಿಗಳು ಮತ್ತು ಎಕ್ಸೆಲ್

ಹಳೆಯ ಸದಸ್ಯರ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದರೆ ಯಶೋದಾ ಮೊದಲು, ಅನಂತ ಆಮೇಲೆ ಬರುವುದನ್ನು ನೋಡಿರಬಹುದು. ನುಡಿಯಲ್ಲಿ ಯಕಾರ ಶುರುವಾಗುವುದು 65ರಿಂದ, ಅ ಇರುವುದು 67ರಲ್ಲಿ. ಕಂಪ್ಯೂಟರ್ ಜೋಡಿಸುವುದು ಸಂಖ್ಯೆ ನೋಡಿ. ಯೂನಿಕೋಡಿನಲ್ಲಿ ವರ್ಣಮಾಲೆಯ ಕ್ರಮ ಬಹುಪಾಲು ಹಾಗೆಯೇ ಇದೆ. ಳ ಮಾತ್ರ ಲಕಾರದ ಪಕ್ಕದ ಮನೆಯಲ್ಲಿದೆ (3250, 3251), ನಮ್ಮ ನಿಘಂಟುಗಳಲ್ಲಿ ಅದು ಹಕಾರದ ನಂತರ. ಹೆಸರಿನ ಪಟ್ಟಿಗೆ ಇದು ದೊಡ್ಡ ವಿಷಯವಲ್ಲ, ಪದಸೂಚಿ ಮಾಡುವವರು ಮಾತ್ರ ಕನ್ನಡದ ಜೋಡಣಾ ನಿಯಮವಿರುವ ತಂತ್ರಾಂಶವನ್ನೇ ಬಳಸಬೇಕು.

ಎಕ್ಸೆಲ್ ಹಾಳೆಯನ್ನು ಇಡಿಯಾಗಿ ಪರಿವರ್ತಿಸಬೇಡಿ, ಕಾಲಮ್ ಕಾಲಮ್ ಆಗಿ ಮಾಡಿ. ಫೋನ್, ಪಿನ್‌ಕೋಡ್, ಮೊತ್ತದ ಕಾಲಮ್‌ಗಳನ್ನು ಮುಟ್ಟಲೇಬಾರದು. ಅವು ಕನ್ನಡ ಅಂಕಿಗಳಾದರೆ ಎಕ್ಸೆಲ್‌ಗೆ ಸಂಖ್ಯೆಯಾಗಿ ಉಳಿಯುವುದಿಲ್ಲ, ಕೂಡುವ ಸೂತ್ರವೆಲ್ಲ ಸೊನ್ನೆ ತೋರಿಸುತ್ತದೆ. ಸಿಎಸ್‌ವಿ, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿ ಪಠ್ಯದ ಪಟ್ಟಿಯಾಗಿ ಕೊಡಬೇಕಾದರೆ 'ಸಿಎಸ್‌ವಿ ಯುಟಿಎಫ್-8' ಎಂಬ ಆಯ್ಕೆಯನ್ನೇ ಆರಿಸಿ. ಅದು ಫೈಲಿನ ಮೊದಲಿಗೆ 239, 187, 191 ಎಂಬ ಮೂರು ಬೈಟಿನ ಗುರುತು ಹಾಕುತ್ತದೆ. ಆ ಗುರುತಿಲ್ಲದ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ನೇರ ತೆರೆದರೆ ಒಳ್ಳೆಯ ಕನ್ನಡವೂ ಕಸವಾಗಿ ಕಾಣಬಹುದು.

ಹೆಸರು, ವಿವರ, ಇಡುವ ಜಾಗ

ಫೈಲಿನ ಹೆಸರನ್ನು ಕನ್ನಡದಲ್ಲಿಡಬಹುದು, ಆದರೆ ದೀರ್ಘಕಾಲದ ಸಂಗ್ರಹಕ್ಕೆ ಇಂಗ್ಲಿಷ್ ಅಕ್ಷರಗಳ ಚಿಕ್ಕ ಹೆಸರೇ ಕ್ಷೇಮ. ಲಿನಕ್ಸಿನಲ್ಲಿ ಹೆಸರಿನ ಮಿತಿ 255 ಬೈಟು, ಅಂದರೆ ಕನ್ನಡದ 85 ಕೋಡ್ ಪಾಯಿಂಟು. ಲೇಖನದ ಪೂರ್ತಿ ಶೀರ್ಷಿಕೆ ಅದರಲ್ಲಿ ಹಿಡಿಯದೆ ಹೋಗಬಹುದು. ಹಳೆಯ ಜಿಪ್ ಸಾಧನಗಳು ಕನ್ನಡದ ಹೆಸರನ್ನು ಕಸ ಮಾಡುವುದೂ ಇದೆ. ಹೆಸರಿನ ಮೊದಲಿಗೆ ವರ್ಷ-ತಿಂಗಳು-ದಿನ ಎಂದು ಬರೆದರೆ, 2004-11-01 ಎಂಬಂತೆ, ಫೋಲ್ಡರ್ ತಾನಾಗಿ ಕಾಲಕ್ರಮದಲ್ಲಿ ನಿಲ್ಲುತ್ತದೆ. 'ಫೈನಲ್', 'ಫೈನಲ್ ಹೊಸದು' ಎಂಬ ಹೆಸರುಗಳ ಗತಿ ಎಲ್ಲರಿಗೂ ಗೊತ್ತು.

ಕನ್ನಡದ ವಿವರಗಳಿಗೆ ಒಂದು ಪಟ್ಟಿ ಫೈಲು ಮಾಡಿ. ಶೀರ್ಷಿಕೆ, ಲೇಖಕರು, ವರ್ಷ, ಮೂಲ ಫೈಲಿನ ಹೆಸರು, ಮೂಲ ಫಾಂಟು, ಬಳಸಿದ ಪರಿವರ್ತಕ ಮತ್ತು ಅದರ ಆವೃತ್ತಿ, ಕರಡು ತಿದ್ದಿದವರು, ಹಕ್ಕು ಯಾರದು. ಇದೇ ಮೆಟಾಡೇಟಾ. ಪರಿವರ್ತಕದ ಆವೃತ್ತಿ ಬರೆಯುವುದು ಅತಿಯಾಯಿತು ಎನಿಸಬಹುದು. ಒಂದು ಆವೃತ್ತಿಯಲ್ಲಿ 'ಝ' ತಪ್ಪುತ್ತಿತ್ತೆಂದು ಆಮೇಲೆ ಗೊತ್ತಾದರೆ ಯಾವ ಫೈಲುಗಳನ್ನು ಮತ್ತೆ ನೋಡಬೇಕೆಂದು ಹೇಳುವುದು ಆ ಒಂದು ಕಾಲಮ್ ಮಾತ್ರ.

ಒಟ್ಟು ಸಂಗ್ರಹದ ಮೂರು ಪ್ರತಿ ಇರಲಿ, ಎರಡು ಬೇರೆ ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಊರಿನಲ್ಲಿ ಅಥವಾ ಕ್ಲೌಡ್‌ನಲ್ಲಿ. ಕಂಪ್ಯೂಟರಿನ ಜೊತೆ ಸದಾ ಸಿಂಕ್ ಆಗುವ ಕ್ಲೌಡ್ ಫೋಲ್ಡರನ್ನು ಬ್ಯಾಕಪ್ ಎಂದು ಎಣಿಸಬೇಡಿ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಪೆನ್ ಡ್ರೈವ್ ಸಾಗಿಸಲು ಸರಿ, ಬೀರುವಿನಲ್ಲಿ ವರ್ಷಗಟ್ಟಲೆ ಇಡಲು ಅಲ್ಲ. ಅದರಲ್ಲೂ ಎಸ್‌ಎಸ್‌ಡಿಯಲ್ಲೂ ಮಾಹಿತಿ ಇರುವುದು ವಿದ್ಯುದಾವೇಶದ ರೂಪದಲ್ಲಿ, ಪವರ್ ಇಲ್ಲದೆ ಬಿಟ್ಟರೆ ಅದು ನಿಧಾನವಾಗಿ ಸೋರುತ್ತದೆ. ಬೀರುವಿಗೆ ಮಾಮೂಲಿ ಹಾರ್ಡ್ ಡಿಸ್ಕೇ ವಾಸಿ. ಕರಾವಳಿ, ಮಲೆನಾಡಿನವರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.

ಒಂದು ಟೆರಾಬೈಟಿನ ಡಿಸ್ಕ್ ತಂದು ಜೋಡಿಸಿದಾಗ ವಿಂಡೋಸ್ 931 ಜಿಬಿ ತೋರಿಸಿದರೆ ಅಂಗಡಿಯವರೊಂದಿಗೆ ಜಗಳಕ್ಕೆ ಹೋಗಬೇಡಿ. ತಯಾರಕರು 1,000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ. ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು, ಉದಾಹರಣೆಗೆ ಹಾರ್ಡ್ ಡಿಸ್ಕಿನ ಇಮೇಜ್, ಅದರಲ್ಲಿ ಹಿಡಿಯುವುದಿಲ್ಲ. ವಿಂಡೋಸ್ ಮಾತ್ರ ಬಳಸುವವರು ಎನ್‌ಟಿಎಫ್‌ಎಸ್, ಮ್ಯಾಕ್ ಕೂಡ ಇರುವವರು ಎಕ್ಸ್‌ಫ್ಯಾಟ್ ಆರಿಸಿ. ಎಕ್ಸ್‌ಫ್ಯಾಟ್ ಡಿಸ್ಕನ್ನು 'ಇಜೆಕ್ಟ್' ಮಾಡದೆ ಕೀಳಬೇಡಿ, ಅರ್ಧಕ್ಕೆ ನಿಂತ ಬರವಣಿಗೆಯನ್ನು ಸರಿಪಡಿಸಿಕೊಳ್ಳುವ ದಾಖಲೆ ಪುಸ್ತಕ ಅದರಲ್ಲಿಲ್ಲ.

ವರ್ಷಕ್ಕೊಮ್ಮೆ ಮೂರೂ ಪ್ರತಿಗಳ ಹ್ಯಾಶ್ ಮತ್ತೆ ತೆಗೆದು ಮೊದಲ ಪಟ್ಟಿಯೊಂದಿಗೆ ಹೋಲಿಸಿ. ಒಂದು ಪ್ರತಿಯಲ್ಲಿ ಮಾತ್ರ ವ್ಯತ್ಯಾಸ ಕಂಡರೆ ಉಳಿದೆರಡರಲ್ಲಿ ಪಟ್ಟಿಗೆ ಹೊಂದುವುದನ್ನು ಅದರ ಮೇಲೆ ಬರೆಯಿರಿ, ಆ ಡಿಸ್ಕಿನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೋಡಿ. ಅಲ್ಲಿ 'ರೀಅಲೊಕೇಟೆಡ್ ಸೆಕ್ಟರ್ಸ್' ಅಥವಾ 'ಪೆಂಡಿಂಗ್ ಸೆಕ್ಟರ್ಸ್' (ಕೆಟ್ಟ ಮತ್ತು ಅನುಮಾನದ ಸೆಕ್ಟರುಗಳ ಎಣಿಕೆ) ಸೊನ್ನೆಗಿಂತ ಹೆಚ್ಚಿದ್ದು, ಮುಂದಿನ ತಿಂಗಳು ಇನ್ನೂ ಏರಿದ್ದರೆ ಆ ಡಿಸ್ಕನ್ನು ಸಂಗ್ರಹದಿಂದ ತೆಗೆದು ಹೊಸದನ್ನು ಸೇರಿಸಿ.